ಹಲಗಿ ಕಾಯಿಸುವ ಹೊತ್ತು ಕಿವಿಗೂ ಬೇಕು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆ ಎಂದೂ ಸದ್ದಿಲ್ಲದ ಸೀಮೆಯಾಗಿರಲಿಲ್ಲ. ಹೋಳಿ ಬಂತೆಂದರೆ ಓಣಿ ಓಣಿಯಲ್ಲಿ ಹಲಗಿ. ಗೊಡಚಿಯ ವೀರಭದ್ರನ ಜಾತ್ರೆಗೆ ಪುರವಂತರು ಕುಣಿಯಬೇಕಾದರೆ ವಾದ್ಯದ ಅಬ್ಬರವಿರಲೇಬೇಕು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಂದು ಲಕ್ಷಾಂತರ ಭಕ್ತರ ಉಧೋ ಉಧೋ ಎಂಬ ಕೂಗು. ಪ್ರತಿ ವರ್ಷ ಅಕ್ಟೋಬರ್ 23ರಿಂದ ನಡೆಯುವ ಕಿತ್ತೂರು ಉತ್ಸವದ ಮೆರವಣಿಗೆಯಲ್ಲಂತೂ ಡೊಳ್ಳು, ಕರಡಿ ಮಜಲುಗಳದೇ ಕಾರುಬಾರು. 1824ರ ಗೆಲುವನ್ನು ನೆನೆಯುವ ಹಬ್ಬ ಮೆಲುದನಿಯಲ್ಲಿ ನಡೆಯಬೇಕೆಂದು ಯಾರೂ ಹೇಳುವುದಿಲ್ಲ.

ಹಾಗಾದರೆ ಇಷ್ಟು ತಲೆಮಾರು ತಡೆದುಕೊಂಡ ಕಿವಿಗೆ ಈಗೇಕೆ ಭಯ? ಉತ್ತರ ಸದ್ದಿನ ಪ್ರಮಾಣದಲ್ಲಿ ಮಾತ್ರವಿಲ್ಲ, ಅದರ ಅವಧಿಯಲ್ಲಿಯೂ ಇದೆ.

ಹಲಗಿಯ ಚರ್ಮ ಬಾರಿಸುತ್ತ ಹೋದಂತೆ ಸಡಿಲಾಗುತ್ತದೆ. ಆಗ ಬಾರಿಸುವವರು ನಿಂತು, ಒಂದಿಷ್ಟು ಕಸಕಡ್ಡಿಗೆ ಬೆಂಕಿ ಹಚ್ಚಿ, ಹಲಗಿ ಕಾಯಿಸಿ ಮತ್ತೆ ಬಿಗಿ ಮಾಡಿಕೊಳ್ಳಬೇಕು. ಡೊಳ್ಳು ಹೊತ್ತು ಕುಣಿಯುವವನಿಗೆ ದಣಿವಾಗುತ್ತದೆ. ಸನಾದಿ ಊದುವವನಿಗೆ ಉಸಿರು ಬೇಕು. ಹಳೆಯ ವಾದ್ಯಗಳಲ್ಲಿ ವಿಶ್ರಾಂತಿ ಹೀಗೆ ತಾನಾಗಿಯೇ ಸೇರಿಕೊಂಡಿತ್ತು. ಕೇಳುವವರ ಕಿವಿಗೂ ಅಷ್ಟು ಹೊತ್ತು ಬಿಡುವು ಸಿಗುತ್ತಿತ್ತು. ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಪೇರಿಸಿದ ಡಿಜೆಗೆ ದಣಿವೆಂಬುದಿಲ್ಲ. ಜನರೇಟರಿಗೆ ಡೀಸೆಲ್ ಇರುವತನಕ ಅದು ಒಂದೇ ಸಮನೆ ಬಡಿಯುತ್ತದೆ. ಅದರ ಎದುರಿಗೆ ಕುಣಿಯುವ ಹುಡುಗರೂ ಅಲ್ಲಿಯೇ ಇರುತ್ತಾರೆ.

ಕನ್ನಡದಲ್ಲಿ ಕಿವಿಯ ತೆಳುಪೊರೆಗೆ ಕಿವಿತಮಟೆ ಎನ್ನುತ್ತಾರೆ. ಹೆಸರೇನೋ ಚೆನ್ನಾಗಿದೆ, ಆದರೆ ಸಂಗೀತದ ಅಬ್ಬರಕ್ಕೆ ಮೊದಲು ಸೋಲುವುದು ಈ ತಮಟೆಯಲ್ಲ. ಇನ್ನೂ ಒಳಗೆ, ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಪುಟ್ಟ ಭಾಗದಲ್ಲಿ ಸುಮಾರು 15 ಸಾವಿರ ರೋಮಕೋಶಗಳಿವೆ. ಸದ್ದಿನ ಅಲೆಗೆ ಇವುಗಳ ತುದಿಯ ರೋಮಗಳು ಗಾಳಿಗೆ ಜೋಳದ ಬೆಳೆ ಬಾಗಿದಂತೆ ಬಾಗುತ್ತವೆ, ಆ ಬಾಗುವಿಕೆಯೇ ಮಿದುಳಿಗೆ ಸುದ್ದಿಯಾಗಿ ತಲುಪುತ್ತದೆ. ಅತಿಯಾದ ಸದ್ದಿನಲ್ಲಿ ಬೆಳೆ ನೆಲಕ್ಕೆ ಒರಗುತ್ತದೆ. ಮರುದಿನಕ್ಕೆ ಕೆಲವು ಎದ್ದು ನಿಲ್ಲುತ್ತವೆ. ಆದರೆ ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಕೋಳಿಮರಿಯ ಕಿವಿಯಲ್ಲಿ ಇವು ಮರುಹುಟ್ಟು ಪಡೆಯುತ್ತವೆಂದು 1980ರ ದಶಕದಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಮನುಷ್ಯನಿಗೆ ಆ ಭಾಗ್ಯವಿಲ್ಲ.

ಮೆರವಣಿಗೆ ಮುಗಿಸಿ ಮನೆಗೆ ಬಂದವರಿಗೆ ಕಿವಿಯಲ್ಲಿ ಗುಂಯ್ ಎನ್ನುವುದು, ಮಾತು ಹತ್ತಿ ತುರುಕಿದಂತೆ ಮಂಕಾಗಿ ಕೇಳುವುದು ಈ ಪೆಟ್ಟಿನ ಗುರುತು. ಬೆಳಗಾಗುವಷ್ಟರಲ್ಲಿ ಸರಿಹೋಯಿತೆಂದು ಜನ ಮರೆಯುತ್ತಾರೆ. ಮರೆವಿಗೆ ಇನ್ನೊಂದು ಕಾರಣವೂ ಇದೆ. ಮೊದಲು ಹೋಗುವುದು 4,000 ಹರ್ಟ್ಸ್ ಆಸುಪಾಸಿನ ತೀಕ್ಷ್ಣ ಸ್ವರಗಳು. ಅ, ಓ ಎಂಬ ಸ್ವರಾಕ್ಷರಗಳು ಗಟ್ಟಿಯಾಗಿಯೇ ಕೇಳುತ್ತಿರುತ್ತವೆ, ಸ, ಶ, ತ, ಕ ಮೊದಲಾದ ವ್ಯಂಜನಗಳು ಸವೆಯುತ್ತವೆ. ‘ಕೇಳಸ್ತದ, ಆದ್ರ ತಿಳಿಯಂಗಿಲ್ಲ’ ಎಂಬ ಹಿರಿಯರ ದೂರು ಇದರದೇ. ಅದು 60ರ ಬದಲು 35ಕ್ಕೇ ಬಂದರೆ ಸಂತೆಯಲ್ಲಿ ದರ ಕೇಳುವುದೂ ಕಷ್ಟ, ಬಸ್ಸಿನ ಕಂಡಕ್ಟರ್ ಕೂಗಿದ ಊರು ಯಾವುದೆಂದು ಗೊತ್ತಾಗುವುದೂ ಕಷ್ಟ.

ಲೆಕ್ಕ ಹೀಗಿದೆ. ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬಲ್. ಡೆಸಿಬಲ್ ಕೂಡುವ ಬಗೆ ಬೇರೆ: 10 ಹೆಚ್ಚಾದರೆ ಶಕ್ತಿ ಹತ್ತು ಪಟ್ಟು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಹೋದರೆ 4 ಗಂಟೆ ಮಾತ್ರ. 100ಕ್ಕೆ ಹೋದರೆ ಸುಮಾರು 20 ನಿಮಿಷ. ದೊಡ್ಡ ಪೆಟ್ಟಿಗೆಗಳ ಎದುರು 100 ಡೆಸಿಬಲ್ ದಾಟುವುದು ಏನೂ ವಿಶೇಷವಲ್ಲ. ಗಣಪತಿ ಕಳಿಸುವ ರಾತ್ರಿ ಐದು ತಾಸು ಅಲ್ಲಿ ಕುಣಿದವನು ಹದಿನೈದು ವಾರಗಳ ಪಾಲನ್ನು ಒಂದೇ ಸಲ ಖರ್ಚು ಮಾಡಿರುತ್ತಾನೆ.

ಹಳೆಯ ವಾದ್ಯಗಳು ನಿರಪರಾಧಿಗಳೆಂದಲ್ಲ. ಹಲಗಿಯನ್ನು ಎದೆಗೊತ್ತಿ ಬಾರಿಸುವವನ ಕಿವಿ ಚರ್ಮದಿಂದ ಒಂದು ಮೊಳವೂ ದೂರವಿಲ್ಲ. ಸದ್ದು ಜೋರಾದಾಗ ಕಿವಿಯೊಳಗಿನ ಸಣ್ಣ ಸ್ನಾಯು ಬಿಗಿದು ತುಸು ತಡೆಯೊಡ್ಡುತ್ತದೆ, ಆದರೆ ಪೆಟ್ಟು ಹಠಾತ್ತನೆ ಬಿದ್ದರೆ ಅದು ಎಚ್ಚರಗೊಳ್ಳುವ ಮೊದಲೇ ಸದ್ದು ಒಳಹೊಕ್ಕಿರುತ್ತದೆ. ಕಸುಬಿನಿಂದ ಬರುವ ಕಿವುಡು ಹೊಸದೂ ಅಲ್ಲ. ತಾಮ್ರದ ಪಾತ್ರೆ ಬಡಿಯುವವರು ಕಿವುಡರಾಗುವುದನ್ನು ಇಟಲಿಯ ವೈದ್ಯ ರಾಮಾಝಿನಿ 300 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ವಿದ್ಯುತ್ ಮಗ್ಗದ ಕೋಣೆಯಲ್ಲಿ ದಿನವಿಡೀ ನಿಲ್ಲುವ ನೇಕಾರನಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಮಗ್ಗದ ಸದ್ದಿನಲ್ಲಿ ದುಡಿದು, ಸಂಜೆ ಡಿಜೆ ಎದುರು ನಿಂತರೆ ಎರಡೂ ಒಂದೇ ಖಾತೆಗೆ ಜಮೆಯಾಗುತ್ತವೆ.

ಕಾನೂನು ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾಜ್ಯ ಸರ್ಕಾರ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು. 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಆದರೆ ಈ ಮಿತಿಗಳು ಮುಖ್ಯವಾಗಿ ಮನೆಯಲ್ಲಿ ಮಲಗಿದವರನ್ನು ಕಾಯಲು ಹುಟ್ಟಿದವು. ಪೆಟ್ಟಿಗೆಯ ಮುಂದೆ ಸಂತೋಷದಿಂದ ಕುಣಿಯುವವನು ದೂರು ಕೊಡುವುದಿಲ್ಲ. ಅವನ ಕಿವಿಯನ್ನು ಅವನೇ ಕಾಯಬೇಕು.

ಉಪಾಯಗಳು ದುಬಾರಿಯಲ್ಲ. ಬಯಲಿನಲ್ಲಿ ಒಂದೇ ಪೆಟ್ಟಿಗೆಯಾದರೆ ದೂರ ಇಮ್ಮಡಿಯಾದಾಗ 6 ಡೆಸಿಬಲ್ ಇಳಿಯುತ್ತದೆ. ಇಕ್ಕಟ್ಟಾದ ಪೇಟೆ ಬೀದಿಯಲ್ಲಿ ಗೋಡೆಗಳು ಸದ್ದನ್ನು ಹಿಂದಿರುಗಿಸುವುದರಿಂದ ಅಷ್ಟು ಲಾಭವಿಲ್ಲ. ತಾಸಿಗೊಮ್ಮೆ ಹತ್ತು ನಿಮಿಷ ಅಡ್ಡ ಓಣಿಗೆ ಸರಿದು ನಿಂತರೂ ಕಿವಿಗೆ ಹಲಗಿ ಕಾಯಿಸಿದಷ್ಟು ಬಿಡುವು. ಹತ್ತಿ ತುರುಕಿಕೊಳ್ಳುವುದು ಹೆಚ್ಚಾಗಿ ಸಮಾಧಾನಕ್ಕೆ ಮಾತ್ರ. ಔಷಧದಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಫೋಮಿನ ಬಿರಡೆಯನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅದು ಹಿಗ್ಗುವವರೆಗೆ ಒತ್ತಿ ಹಿಡಿಯಬೇಕು. ಸರಿಯಾಗಿ ಕೂತರೆ 20 ಡೆಸಿಬಲ್‌ಗೂ ಹೆಚ್ಚು ತಗ್ಗಬಹುದು. ಲಯವಂತೂ ಕೇಳಿಯೇ ಕೇಳುತ್ತದೆ. ವಾದ್ಯಮೇಳದವರು, ಡಿಜೆ ನಡೆಸುವ ಹುಡುಗರು ಇದನ್ನು ಜೇಬಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಹೆಗಲ ಮೇಲೆ ಕೂಸನ್ನು ಹೊತ್ತು ಪೆಟ್ಟಿಗೆಯ ಹತ್ತಿರ ಹೋಗುವುದು ಮಾತ್ರ ಬೇಡವೇ ಬೇಡ.

ಗುಂಯ್‌ಗುಡುವಿಕೆ ಒಂದೆರಡು ದಿನದಲ್ಲಿ ನಿಲ್ಲದಿದ್ದರೆ, ಅಥವಾ ಒಂದು ಕಿವಿ ಹಠಾತ್ತನೆ ಕೇಳದಂತಾದರೆ, ಎಣ್ಣೆ ಬಿಟ್ಟುಕೊಂಡು ಕಾಯುತ್ತ ಕೂರುವಂತಿಲ್ಲ. ಹಠಾತ್ ಕಿವುಡಿಗೆ ಚಿಕಿತ್ಸೆ ಮೊದಲ ದಿನಗಳಲ್ಲಿ ಕೊಟ್ಟರಷ್ಟೇ ಹೆಚ್ಚು ಫಲ. ಕಿವಿ ತಜ್ಞರ ಬಳಿ ನಡೆಯುವ ಶ್ರವಣ ಪರೀಕ್ಷೆಗೆ ಅರ್ಧ ತಾಸು ಸಾಕು, ನೋವೂ ಇಲ್ಲ. ಅದರ ಗೆರೆಚಿತ್ರ 4,000 ಹರ್ಟ್ಸ್ ಹತ್ತಿರ ಹೊಂಡದಂತೆ ಕುಸಿದಿದ್ದರೆ, ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲೊಂದು ಸದ್ದಿನ ಬಗ್ಗೆಯೇ ಇರುತ್ತದೆ.