ಅರಸನಾಗಲೊಲ್ಲದ ಗಿದ್ಯೋನ

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯ ಹೆಸರನ್ನು ಉಚ್ಚರಿಸಿದಾಗಲೆಲ್ಲ ಅದರಲ್ಲಿ ಅರಸನೊಬ್ಬನೂ ಕೆರೆಯೊಂದೂ ಜೊತೆಯಾಗಿ ಕಿವಿಗೆ ಬೀಳುವುವು. ಅರಸುತನದ ಗುರುತಾಗಿ ಜನರ ನಾಲಿಗೆಯ ಮೇಲೆ ಉಳಿದಿರುವುದು ಸಿಂಹಾಸನವಲ್ಲ, ಕೆರೆ ಎಂಬುದನ್ನು ನೆನೆವಾಗ ನನ್ನ ಮನಸ್ಸು ಅರಸನಿಲ್ಲದ ಕಾಲದ ಕಥೆ ಹೇಳುವ, ಬೈಬಲಿನ ‘ನ್ಯಾಯಸ್ಥಾಪಕರು’ ಎಂಬ ಗ್ರಂಥದತ್ತ ಹರಿಯುತ್ತದೆ.

ನಾಯಕ ಯೆಹೋಶುವನ ಮರಣದ ತರುವಾಯ, ಮೊದಲ ಅರಸ ಸೌಲನ ಪಟ್ಟಾಭಿಷೇಕಕ್ಕೆ ಮುನ್ನ, ಕಾನಾನ್ ದೇಶದಲ್ಲಿ ಕುಲಕುಲಗಳಾಗಿ ನೆಲೆಸಿದ್ದ ಇಸ್ರಾಯೇಲ್ಯರಿಗೆ ಅರಸನಿರಲಿಲ್ಲ. ಸುಖದಲ್ಲಿ ದೇವರನ್ನು ಮರೆಯುವುದು, ಶತ್ರುಗಳ ಕೈಗೆ ಸಿಕ್ಕು ಮೊರೆಯಿಡುವುದು, ಆ ಮೊರೆಗೆ ಓಗೊಟ್ಟು ದೇವರು ನಾಯಕನೊಬ್ಬನನ್ನು ಎಬ್ಬಿಸುವುದು, ಈ ಚಕ್ರವೇ 21 ಅಧ್ಯಾಯಗಳ ಆ ಗ್ರಂಥದಲ್ಲಿ ಮರಳಿ ಮರಳಿ ತಿರುಗುತ್ತದೆ. ರಾಮಾ, ಬೇತೇಲುಗಳ ನಡುವೆ ಖರ್ಜೂರದ ಮರದಡಿ ಕುಳಿತು, ಅಂಥ ನಾಯಕರಲ್ಲಿ ಒಬ್ಬಳಾದ ದೆಬೋರಳು ವ್ಯಾಜ್ಯಗಳನ್ನು ತೀರಿಸುತ್ತಿದ್ದ ವರ್ಣನೆಯು, ಅರಳಿಕಟ್ಟೆಯ ನ್ಯಾಯವನ್ನು ಬಲ್ಲ ನಮ್ಮ ಸೀಮೆಯವರಿಗೆ ಅಪರಿಚಿತವೆನಿಸದು.

ಆದರೆ ಆ ನಾಯಕರಲ್ಲಿ ನನ್ನನ್ನು ಬಹುವಾಗಿ ಕಾಡುವವನು ಗಿದ್ಯೋನ. ಮಿದ್ಯಾನ್ಯರ ಸುಲಿಗೆಗೆ ಅಂಜಿ ದ್ರಾಕ್ಷಿಯ ಆಲೆಯಲ್ಲಿ ಗುಟ್ಟಾಗಿ ಗೋದಿ ಬಡಿಯುತ್ತಿದ್ದ ಈ ರೈತನು, ದೇವರ ಆಜ್ಞೆಯಂತೆ 32,000 ಮಂದಿಯ ಸೈನ್ಯವನ್ನು 300ಕ್ಕೆ ಇಳಿಸಿ, ಆ ಶತ್ರುಗಳನ್ನು ಸೋಲಿಸಿ, ಜಯವು ತೋಳ್ಬಲದ್ದಲ್ಲವೆಂದು ತೋರಿಸಿದನು. ನೀನೂ ನಿನ್ನ ಮಕ್ಕಳೂ ಮೊಮ್ಮಕ್ಕಳೂ ನಮ್ಮನ್ನು ಆಳಿರೆಂದು ಜನರು ಬೇಡಿದಾಗ, ದೇವರೇ ನಿಮ್ಮ ಒಡೆಯನೆಂದು ಹೇಳಿ ನಿರಾಕರಿಸಿದನು.

ಕಥೆ ಅಲ್ಲಿಗೆ ಮುಗಿದಿದ್ದರೆ ಅದು ಕೇವಲ ಸ್ತುತಿಯಾಗುತ್ತಿತ್ತು. ಪಟ್ಟವನ್ನು ಬೇಡವೆಂದವನು ಲೂಟಿಯ ಚಿನ್ನದ ಓಲೆಗಳನ್ನು ಕೇಳಿ ಪಡೆದನು. 1,700 ಶೆಕೆಲ್, ಎಂದರೆ ಇಂದಿನ ತೂಕದಲ್ಲಿ ಸುಮಾರು 19 ಕಿಲೋಗ್ರಾಂ. ಅದರಿಂದ ಮಾಡಿಸಿದ ಏಫೋದು ಎಂಬ ಪೂಜಾವಸ್ತ್ರವು ಅವನ ಮನೆತನಕ್ಕೇ ಉರುಳಾಯಿತು. ಒಬ್ಬ ಮಗನಿಗಿಟ್ಟ ಹೆಸರು ಅಬೀಮೆಲೆಕ. ‘ನನ್ನ ತಂದೆ ಅರಸ’ ಎಂಬುದು ಅದರ ಅರ್ಥ! ಆ ಮಗನೇ ಸೋದರರನ್ನು ಕೊಂದು ಶೆಕೆಮಿನಲ್ಲಿ ಅರಸನಾದಾಗ, ತಪ್ಪಿಸಿಕೊಂಡ ಕಿರಿಯನಾದ ಯೋತಾಮನು ಗೆರಿಜ್ಜೀಮ್ ಬೆಟ್ಟದ ಮೇಲೆ ನಿಂತು ಮರಗಳ ದೃಷ್ಟಾಂತವನ್ನು ಸಾರಿದನು. ಎಣ್ಣೆಮರವೂ ಅಂಜೂರವೂ ದ್ರಾಕ್ಷಿಯೂ ತಮ್ಮ ಫಲವನ್ನು ಬಿಟ್ಟು ಅರಸುತನಕ್ಕೆ ಬಾರೆವೆಂದವು. ಕೊಡಲು ಫಲವೇ ಇಲ್ಲದ ಮುಳ್ಳುಪೊದೆ ಮಾತ್ರ ತನ್ನ ನೆರಳಿಗೆ ಬನ್ನಿರೆಂದು ಕರೆಯಿತು.

ಬಾಯಿಂದ ಪದವಿಯನ್ನು ತೊರೆಯುವುದು ಸುಲಭ. ಪದವಿಯ ಹೊನ್ನನ್ನೂ ಹೆಸರನ್ನೂ ಮನಸ್ಸಿನಿಂದ ತೊರೆಯುವುದೇ ತಪಸ್ಸು. ಕೆರೆಯು ಮಳೆಯಿಂದ ಪಡೆದುದನ್ನು ತನ್ನದೆನ್ನದೆ ತೂಬಿನ ಮೂಲಕ ಗದ್ದೆಗೆ ಬಿಡುತ್ತದೆ. ದೇವರಿಂದ ಪಡೆದ ಬಲವನ್ನು ನಾಯಕನಾದವನು ಹಾಗೆಯೇ ಹರಿಯಗೊಟ್ಟರೆ, ಅರಸನಳಿದ ಮೇಲೂ ಊರಿಗೆ ಅವನ ಕೆರೆ ಉಳಿದೀತು.