ಕೆರೆಯಂಚಿನ ತೊಟ್ಟಿಲು

ಮಳೆಗಾಲದಲ್ಲಿ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಕಡೆಯ ತುಂಬಿದ ಕೆರೆಯೊಂದರ ಅಂಚಿನಲ್ಲಿ ವಾಚಕರು ಸ್ವಲ್ಪ ಹೊತ್ತು ಸದ್ದಿಲ್ಲದೆ ನಿಂತರೆ ಒಂದು ವಿನೋದವನ್ನು ಕಾಣಬಹುದು. ಜೊಂಡಿನ ಬುಡದಲ್ಲಿ ಕೆಂಬಣ್ಣದ ಕಲೆಯೊಂದು ನೀರಿನಲ್ಲಿ ಮೆಲ್ಲಗೆ ಸರಿದಾಡುತ್ತದೆ. ಅದು ನೂರಾರು ಕೊರವ ಮೀನಿನ ಮರಿಗಳ ಹಿಂಡು. ಹಿಂಡಿನ ಕೆಳಗೆ ತಾಯಿತಂದೆಗಳು ಕಾವಲಿರುವುವು. ಕೆರೆಯ ನಡುವೆ ಆಳವಾದ ನೀರು ಬೇಕಾದಷ್ಟಿರಲು, ಈ ಮರಿಗಳು ಮೊಣಕಾಲುದ್ದದ ನೀರನ್ನೇ ಮನೆ ಮಾಡಿಕೊಂಡಿರುವುದೇಕೆ?

ಬೆಳೆದ ಮೀನಿಗೆ ಬೇಕಾದುದು ಬೇರೆ, ಮರಿಗೆ ಬೇಕಾದುದು ಬೇರೆ. ಅಂಚಿನ ತೆಳುನೀರಿನಲ್ಲಿ ಬಿಸಿಲು ತಳ ಮುಟ್ಟುತ್ತದೆ. ಅದರಿಂದ ಪಾಚಿಯೂ, ಪಾಚಿಯನ್ನು ತಿಂದು ಬದುಕುವ ಅತಿ ಸಣ್ಣ ಪ್ರಾಣಿಗಳೂ ಹೇರಳವಾಗಿ ಬೆಳೆಯುವುವು. ಮರಿಗಳ ಮೊದಲ ಊಟ ಇವೇ. ಜೊಂಡುಹುಲ್ಲುಗಳ ಸಂದಿಗೆ ದೊಡ್ಡ ಮೀನು ಸುಲಭವಾಗಿ ನುಗ್ಗಲಾರದು. ನುಗ್ಗಿದರೂ ಮರಿ ಅಲ್ಲಿ ಮರೆಯಾಗಬಲ್ಲುದು. ಮೀನಿಗೆ ಮೀನೇ ಶತ್ರುವಾಗಿರುವ ಲೋಕದಲ್ಲಿ ಇದು ಸಣ್ಣ ಉಪಕಾರವಲ್ಲ.

ಸಮುದ್ರದಲ್ಲಿಯೂ ಇಂತಹುದೇ ನಿಯಮವುಂಟು. ಉತ್ತರ ಅಟ್ಲಾಂಟಿಕ್ ಸಾಗರದ ದೊಡ್ಡ ಕಾಡ್ ಮೀನೊಂದು ಒಂದು ಋತುವಿನಲ್ಲಿ ಹತ್ತಾರು ಲಕ್ಷ ಮೊಟ್ಟೆಗಳನ್ನಿಡಬಲ್ಲುದು. ಮೊಟ್ಟೆಗಳೂ ಎಳೆಮರಿಗಳೂ ಪ್ರವಾಹದೊಡನೆ ತೇಲುತ್ತವೆ. ಕೆಲವು ತಿಂಗಳ ಬಳಿಕ ಮರಿಗಳು ತಳಕ್ಕಿಳಿಯುವುವು. ನ್ಯೂಫೌಂಡ್‌ಲೆಂಡಿನ ಕರಾವಳಿಯಲ್ಲಿ ಅವು ಕಡಲಹುಲ್ಲಿನ ನಡುವೆಯೂ ಕಲ್ಲುಗಳ ಸಂದಿಯಲ್ಲಿಯೂ ನೆಲಸಿ, ದೊಡ್ಡವಾದಂತೆ ಆಳದ ನೀರಿಗೆ ಹೊರಡುವುವು.

ನಮ್ಮ ಕೆರೆಗಳಲ್ಲಿ ಸಾಕುವ ಕಟ್ಲಾ, ರೋಹು, ಮೃಗಾಲ್ ಮೀನುಗಳ ಕಥೆ ಬೇರೆ. ಇವು ಮೂಲತಃ ನದಿಯ ಮೀನುಗಳು. ನಿಂತ ನೀರಿನಲ್ಲಿ ಬೆಳೆದರೂ ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ. ಹಿಂದೆ ಇವುಗಳ ಮರಿಗಳನ್ನು ನೆರೆಬಂದ ನದಿಗಳಿಂದ ಹಿಡಿದು ತರಬೇಕಾಗಿತ್ತು. ೧೯೫೭ರಲ್ಲಿ ಹೀರಾಲಾಲ್ ಚೌಧುರಿಯವರು ಇಂದಿನ ಒಡಿಶಾದ ಅಂಗುಲ್‌ನಲ್ಲಿ ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ, ಈ ಜಾತಿಯ ಮೀನುಗಳು ಕೊಳದ ನೀರಿನಲ್ಲಿಯೇ ಮೊಟ್ಟೆಯಿಡುವಂತೆ ಮಾಡಿದರು. ಆದರೂ ಎಳೆಮರಿಗಳನ್ನು ನೇರವಾಗಿ ಕೆರೆಗೆ ಬಿಟ್ಟರೆ ಉಳಿಯುವುದು ಕಡಮೆ. ಮೊದಲು ತೆಳುನೀರಿನ ಕೊಳದಲ್ಲಿ ೨-೩ ವಾರ, ಅನಂತರ ಇನ್ನೊಂದು ಕೊಳದಲ್ಲಿ ೨-೩ ತಿಂಗಳು ಪೋಷಿಸಿ, ಬೆರಳುದ್ದವಾದ ಮೇಲೆ ಕೆರೆಗೆ ಬಿಡುವರು. ನಿಸರ್ಗದ ತೊಟ್ಟಿಲನ್ನೇ ಮನುಷ್ಯನು ಇಲ್ಲಿ ಅನುಕರಿಸಿದ್ದಾನೆ.

ಕೊಂಡು ತಂದು ಬಿಡುವ ಮೀನಿಗೆ ಈ ತೊಟ್ಟಿಲು ದೊರೆಯುತ್ತದೆ. ಆದರೆ ಕೊರವ, ಗೆಂಡೆಗಳಂತಹ ಊರ ಮೀನುಗಳಿಗೆ ಕೆರೆಯಂಚೇ ತೊಟ್ಟಿಲು. ವರ್ಷವಿಡೀ ಹರಿಯುವ ನದಿಯಿಲ್ಲದ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಅವುಗಳಿಗೆ ಬೇರೆ ಆಶ್ರಯ ವಿರಳ. ಕೆರೆಯಂಗಳ ಒತ್ತುವರಿಯಾದಾಗ ಮೊದಲು ಹೋಗುವುದು ಈ ತೆಳುನೀರು. ಹೂಳೆತ್ತುವಾಗ ಸುತ್ತಲೂ ಕಡಿದಾದ ದಡ ಮಾಡಿ ಜೊಂಡನ್ನೆಲ್ಲ ಕಿತ್ತರೆ ನೀರು ಹೆಚ್ಚೀತು, ಮರಿಗೆ ಎಡೆಯಿರದು. ಕಾಲುವೆ ಬಂದು ಸೇರುವ ಕಡೆಯಲ್ಲಾದರೂ ಇಳಿಜಾರಾದ ಅಂಚನ್ನೂ ಒಂದಿಷ್ಟು ಜೊಂಡನ್ನೂ ಉಳಿಸುವುದು ಕಷ್ಟವಲ್ಲ. ಮುಂದಿನ ವರ್ಷ ಬಲೆಗೆ ಬೀಳಬೇಕಾದ ಮೀನು ಈ ವರ್ಷ ಅಲ್ಲಿಯೇ ಬೆಳೆಯಬೇಕಷ್ಟೆ.