ಬೇರುಗಂಟಿನ ಕೆಂಪು, ರಕ್ತದ ಕೆಂಪು

ಮಳೆಗಾಲದಲ್ಲಿ ಶೇಂಗಾ ಹೊಲದ ಕಡೆ ಹೋದರೆ, ಹೊಲದವರ ಅನುಮತಿ ಪಡೆದು, ಹೂ ಬಿಟ್ಟಿರುವ ಒಂದು ಗಿಡವನ್ನು ಬೇರುಸಹಿತ ಮೆಲ್ಲಗೆ ಕಿತ್ತು ನೋಡಿ. ಮಣ್ಣನ್ನು ನೀರಿನಲ್ಲಿ ತೊಳೆದರೆ ಬೇರಿನ ಮೇಲೆ ಸಾಸಿವೆ ಕಾಳಿನಷ್ಟು ಗಾತ್ರದ ಗಂಟುಗಳು ಕಾಣುತ್ತವೆ. ಚೆನ್ನಾಗಿ ಬಲಿತ ಒಂದು ಗಂಟನ್ನು ಬ್ಲೇಡಿನಿಂದ ಎರಡಾಗಿ ಕತ್ತರಿಸಿ. ಒಳಗೆ ನಸುಗೆಂಪು ಬಣ್ಣ! ಗಿಡದಲ್ಲಿ ರಕ್ತವೆಲ್ಲಿಂದ ಬಂತು ಎಂದು ಮಕ್ಕಳು ಕೇಳುವುದು ಸಹಜ.

ಗಿಡದಲ್ಲಿ ರಕ್ತವಿಲ್ಲ, ನಿಜ. ಆದರೆ ಆ ಕೆಂಪಿಗೂ ನಮ್ಮ ರಕ್ತದ ಕೆಂಪಿಗೂ ನಂಟಿದೆ. ಗಂಟಿನೊಳಗಿನ ಕೆಂಪು ವಸ್ತುವಿನ ಹೆಸರು ಲೆಗ್‌ಹೀಮೋಗ್ಲೋಬಿನ್. ಅದು ನಮ್ಮ ಹೀಮೋಗ್ಲೋಬಿನ್ನಿನ ದೂರದ ಸಂಬಂಧಿಯೆಂಬುದನ್ನು 1939ರಲ್ಲಿ ಜಪಾನಿನ ಕುಬೊ ಗುರುತಿಸಿದರು. ಗಂಟಿನಲ್ಲಿ ವಾಸಿಸುವ ರೈಜೋಬಿಯಮ್ ಬ್ಯಾಕ್ಟೀರಿಯಗಳು ಗಾಳಿಯ ನೈಟ್ರೋಜನ್ನನ್ನು ಗಿಡಕ್ಕೆ ಒದಗುವ ರೂಪಕ್ಕೆ ತರುತ್ತವೆ. ಈ ಕೆಲಸ ಮಾಡುವ ಕಿಣ್ವಕ್ಕೆ ಆಕ್ಸಿಜನ್ ಆಗದು. ಬ್ಯಾಕ್ಟೀರಿಯಗಳ ಉಸಿರಾಟಕ್ಕೋ ಆಕ್ಸಿಜನ್ ಬೇಕೇ ಬೇಕು. ಲೆಗ್‌ಹೀಮೋಗ್ಲೋಬಿನ್ ಆಕ್ಸಿಜನ್ನನ್ನು ಹಿಡಿದುಕೊಂಡು ಅಳತೆಯಲ್ಲಿ ಒದಗಿಸಿ ಈ ಇಕ್ಕಟ್ಟನ್ನು ಬಿಡಿಸುತ್ತದೆ.

ಗಿಡದ ಪ್ರೋಟೀನೊಂದು ಮನುಷ್ಯನ ಪ್ರೋಟೀನಿಗೆ ಸಂಬಂಧಿ ಎಂದು ಹೇಳುವುದು ಹೇಗೆ? ಬಣ್ಣ ಒಂದೇ ಎಂದರೆ ಸಾಕಾಗದು. ಇದಕ್ಕೆ ಪ್ರೋಟೀನು ಹೇಗೆ ತಯಾರಾಗುತ್ತದೆ, ಅದರ ರಚನೆ ಎಂಥದು ಎಂಬುದನ್ನು ಮೊದಲು ತಿಳಿಯಬೇಕು.

ಮೂರಕ್ಷರದ ಪದಗಳು

ಪ್ರೋಟೀನು ಎಂದರೆ ಅಮೈನೋ ಆಮ್ಲಗಳ ಸರಪಳಿ. ಸಾಮಾನ್ಯವಾಗಿ ಬಳಕೆಯಾಗುವ ಅಮೈನೋ ಆಮ್ಲಗಳು 20. ಯಾವುದರ ನಂತರ ಯಾವುದು ಬರಬೇಕು ಎಂಬ ಆದೇಶ ಡಿಎನ್‌ಎಯಲ್ಲಿದೆ. ಅಲ್ಲಿನ ಲಿಪಿಯಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು. ಮೂರು ಮೂರು ಅಕ್ಷರಗಳ ಒಂದೊಂದು ಗುಂಪೂ ಒಂದು ‘ಪದ’. ನಾಲ್ಕು ಅಕ್ಷರಗಳಿಂದ ಇಂಥ 64 ಪದಗಳಾಗುತ್ತವೆ. ಅವುಗಳಲ್ಲಿ 61 ಪದಗಳು ಅಮೈನೋ ಆಮ್ಲಗಳನ್ನು ಸೂಚಿಸಿದರೆ, ಉಳಿದ ಮೂರು ‘ಇಲ್ಲಿಗೆ ನಿಲ್ಲಿಸು’ ಎನ್ನುತ್ತವೆ. ಈ ಸಂಕೇತವನ್ನು ಬಿಡಿಸುವಲ್ಲಿ ಅವಿಭಜಿತ ಭಾರತದಲ್ಲಿ ಹುಟ್ಟಿದ ಹರ್‌ಗೋಬಿಂದ್ ಖುರಾನಾ ಅವರ ಪಾಲು ದೊಡ್ಡದು. 1968ರ ನೊಬೆಲ್ ಪ್ರಶಸ್ತಿಯನ್ನು ಅವರು ನಿರೆನ್‌ಬರ್ಗ್ ಮತ್ತು ಹಾಲಿ ಅವರೊಂದಿಗೆ ಹಂಚಿಕೊಂಡರು.

ಡಿಎನ್‌ಎ ಕೋಶಕೇಂದ್ರವನ್ನು ಬಿಟ್ಟು ಹೊರಬರುವುದಿಲ್ಲ. ಬೇಕಾದ ಜೀನಿನ ನಕಲು ಮಾತ್ರ ಸಂದೇಶವಾಹಕ ಆರ್‌ಎನ್‌ಎ ರೂಪದಲ್ಲಿ ಹೊರಗೆ ಬರುತ್ತದೆ. ಈ ನಕಲಿನಲ್ಲಿ ಟಿ ಬದಲು ಯು ಎಂಬ ಅಕ್ಷರವಿರುತ್ತದೆ. ಅದನ್ನು ಓದುವುದು ರೈಬೋಸೋಮ್. ಒಂದೊಂದು ಪದಕ್ಕೂ ತಕ್ಕ ಅಮೈನೋ ಆಮ್ಲವನ್ನು ವರ್ಗಾವಣೆ ಆರ್‌ಎನ್‌ಎಗಳು ಹೊತ್ತು ತರುತ್ತವೆ. ರೈಬೋಸೋಮ್ ಅದನ್ನು ಬೆಳೆಯುತ್ತಿರುವ ಸರಪಳಿಗೆ ಜೋಡಿಸುತ್ತದೆ. ಈ ರೈಬೋಸೋಮಿನ ರಚನೆಯನ್ನು ಅಣುಮಟ್ಟದಲ್ಲಿ ತೋರಿಸಿದ್ದಕ್ಕಾಗಿ 2009ರಲ್ಲಿ ವೆಂಕಟರಾಮನ್ ರಾಮಕೃಷ್ಣನ್, ಸ್ಟೈಟ್ಜ್ ಮತ್ತು ಯೋನಾತ್ ಅವರಿಗೆ ರಸಾಯನವಿಜ್ಞಾನದ ನೊಬೆಲ್ ದೊರೆಯಿತು.

ಶೇಂಗಾ ಗಿಡದಲ್ಲಾಗಲಿ, ಅದರ ಬೇರಿನ ಬ್ಯಾಕ್ಟೀರಿಯದಲ್ಲಾಗಲಿ, ನಮ್ಮಲ್ಲಾಗಲಿ ಈ ಸಂಕೇತ ಒಂದೇ ಎಂಬುದು ಗಮನಾರ್ಹ. ಅಲ್ಲೊಂದು ಇಲ್ಲೊಂದು ಸಣ್ಣ ಅಪವಾದಗಳಿವೆ, ಅಷ್ಟೆ.

ಸರಪಳಿ ಮಡಿಸಿಕೊಂಡಾಗ

ಸರಪಳಿ ಸರಪಳಿಯಾಗಿಯೇ ಉಳಿದರೆ ಪ್ರಯೋಜನವಿಲ್ಲ. ಅದು ನಿರ್ದಿಷ್ಟ ಆಕಾರಕ್ಕೆ ಮಡಿಸಿಕೊಳ್ಳಬೇಕು. ಅಮೈನೋ ಆಮ್ಲಗಳ ಅನುಕ್ರಮ ಮೊದಲ ಹಂತದ ರಚನೆ. ಸರಪಳಿಯ ಭಾಗಗಳು ಸುರುಳಿಯಾಗಿ ಅಥವಾ ಹಾಳೆಯಂತೆ ಜೋಡಿಸಿಕೊಳ್ಳುವುದು ಎರಡನೆಯದು. ಈ ಸುರುಳಿ, ಹಾಳೆಗಳೆಲ್ಲ ಸೇರಿ ಒಂದು ಮುದ್ದೆಯಾಗುವುದು ಮೂರನೆಯದು. ಹೀಗೆ ಮಡಿಸಿಕೊಂಡ ಹಲವು ಸರಪಳಿಗಳು ಒಟ್ಟುಗೂಡುವುದು ನಾಲ್ಕನೆಯದು. ನೀರನ್ನು ದೂರವಿಡುವ ಅಮೈನೋ ಆಮ್ಲಗಳು ಒಳಗೆ ಸೇರಿಕೊಳ್ಳಲು, ನೀರಿಗೆ ಒಗ್ಗುವವು ಹೊರಗೆ ಉಳಿಯಲು ಒಲವು ತೋರುತ್ತವೆ. ಮಡಿಕೆಗೆ ಮುಖ್ಯ ಕಾರಣ ಇದೇ.

ಸರಪಳಿ ತನಗೆ ಬೇಕಾದ ಹಾಗೆಲ್ಲ ಬಾಗಲಾರದು. ಯಾವ ಕೋನಗಳಲ್ಲಿ ಬಾಗಬಹುದು, ಯಾವುದರಲ್ಲಿ ಬಾಗಿದರೆ ಪರಮಾಣುಗಳು ಒಂದಕ್ಕೊಂದು ಢಿಕ್ಕಿಯಾಗುತ್ತವೆ ಎಂಬುದನ್ನು ಮದರಾಸಿನಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಒಂದು ನಕ್ಷೆಯಾಗಿ ಕೊಟ್ಟರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿ ಬೆಳೆಸಿದರು. ಯಾವುದೇ ಪ್ರೋಟೀನಿನ ರಚನೆ ಸರಿಯಾಗಿದೆಯೇ ಎಂದು ಪರೀಕ್ಷಿಸಲು ‘ರಾಮಚಂದ್ರನ್ ನಕ್ಷೆ’ಯನ್ನು ಪ್ರಪಂಚದಾದ್ಯಂತ ಇಂದಿಗೂ ಬಳಸುತ್ತಾರೆ.

ಹೀಮೋಗ್ಲೋಬಿನ್ನಿನಲ್ಲಿ ನಾಲ್ಕು ಸರಪಳಿಗಳಿವೆ. 141 ಅಮೈನೋ ಆಮ್ಲಗಳ ಎರಡು ಆಲ್ಫಾ, 146 ಅಮೈನೋ ಆಮ್ಲಗಳ ಎರಡು ಬೀಟಾ. ಪ್ರತಿಯೊಂದರ ಮಡಿಕೆಯಲ್ಲೂ ಕಬ್ಬಿಣವಿರುವ ‘ಹೀಮ್’ ಎಂಬ ಸಣ್ಣ ಫಲಕ ಕುಳಿತಿದೆ. ಕೆಂಪು ಬಣ್ಣ ಅದರದೇ. ಆಕ್ಸಿಜನ್ ಅಂಟಿಕೊಳ್ಳುವುದೂ ಅದರ ಕಬ್ಬಿಣಕ್ಕೇ.

ಪಕ್ಕಪಕ್ಕದಲ್ಲಿಟ್ಟು ನೋಡೋಣ

ಈಗ ಹೋಲಿಕೆಗೆ ಬರೋಣ. ನಾಲ್ಕು ಪ್ರಾಣಿಗಳ ಬೀಟಾ ಸರಪಳಿಯ ಮೊದಲ ಎಂಟು ಅಮೈನೋ ಆಮ್ಲಗಳನ್ನು ಸಂಕ್ಷಿಪ್ತ ಹೆಸರಿನಲ್ಲಿ ಇಲ್ಲಿ ಕೊಟ್ಟಿದೆ. ಇದನ್ನು ಕಪ್ಪುಹಲಗೆಯ ಮೇಲೆ ಬರೆದುಕೊಳ್ಳಬಹುದು.

ಮನುಷ್ಯ: ವ್ಯಾಲ್ – ಹಿಸ್ – ಲ್ಯೂ – ಥ್ರಿ – ಪ್ರೋ – ಗ್ಲು – ಗ್ಲು – ಲೈಸ್
ಕುದುರೆ: ವ್ಯಾಲ್ – ಗ್ಲನ್ – ಲ್ಯೂ – ಸೆರ್ – ಗ್ಲೈ – ಗ್ಲು – ಗ್ಲು – ಲೈಸ್
ಇಲಿ: ವ್ಯಾಲ್ – ಹಿಸ್ – ಲ್ಯೂ – ಥ್ರಿ – ಆಸ್ಪ್ – ಅಲ – ಗ್ಲು – ಲೈಸ್
ಕೋಳಿ: ವ್ಯಾಲ್ – ಹಿಸ್ – ಟ್ರಿಪ್ – ಥ್ರಿ – ಅಲ – ಗ್ಲು – ಗ್ಲು – ಲೈಸ್

(ವ್ಯಾಲ್ – ವ್ಯಾಲೀನ್, ಹಿಸ್ – ಹಿಸ್ಟಿಡೀನ್, ಲ್ಯೂ – ಲ್ಯೂಸೀನ್, ಥ್ರಿ – ಥ್ರಿಯೋನೀನ್, ಪ್ರೋ – ಪ್ರೋಲೀನ್, ಗ್ಲು – ಗ್ಲುಟಾಮಿಕ್ ಆಮ್ಲ, ಲೈಸ್ – ಲೈಸೀನ್, ಗ್ಲನ್ – ಗ್ಲುಟಮೀನ್, ಸೆರ್ – ಸೆರೀನ್, ಗ್ಲೈ – ಗ್ಲೈಸೀನ್, ಆಸ್ಪ್ – ಆಸ್ಪಾರ್ಟಿಕ್ ಆಮ್ಲ, ಅಲ – ಅಲನೀನ್, ಟ್ರಿಪ್ – ಟ್ರಿಪ್ಟೋಫಾನ್.)

ಮನುಷ್ಯನಿಗೆ ಹೋಲಿಸಿ ವ್ಯತ್ಯಾಸಗಳನ್ನು ಎಣಿಸಿ. ಕುದುರೆಗೆ ಮೂರು, ಇಲಿಗೆ ಎರಡು, ಕೋಳಿಗೂ ಎರಡು. ಹಾಗಾದರೆ ಕುದುರೆಗಿಂತ ಕೋಳಿಯೇ ನಮಗೆ ಹತ್ತಿರವೆ? ಅವಸರದ ತೀರ್ಮಾನ ಬೇಡ. ಎಂಟೇ ಸ್ಥಾನಗಳನ್ನು ನೋಡಿ ನೆಂಟಸ್ತಿಕೆ ಹೇಳಹೊರಟರೆ ಹೀಗೆಯೇ ಎಡವುತ್ತೇವೆ. 146 ಸ್ಥಾನಗಳನ್ನೂ ಹೋಲಿಸಿದಾಗ ಚಿತ್ರ ಬೇರೆಯಾಗುತ್ತದೆ. ಮನುಷ್ಯನಿಗೂ ಚಿಂಪಾಂಜಿಗೂ ವ್ಯತ್ಯಾಸವೇ ಇಲ್ಲ, ಗೊರಿಲ್ಲಾಕ್ಕೆ ಒಂದು, ರೀಸಸ್ ಕೋತಿಗೆ 8, ಕುದುರೆಗೆ ಸುಮಾರು 25, ಇಲಿಗೆ 27, ಕೋಳಿಗೆ 45, ಕಪ್ಪೆಗೆ 67. ದವಡೆಯಿಲ್ಲದ ಲ್ಯಾಂಪ್ರಿ ಮೀನಿನಲ್ಲಿ ವ್ಯತ್ಯಾಸಗಳು 125. ಮೂಳೆ, ಹಲ್ಲು, ಪಳೆಯುಳಿಕೆಗಳನ್ನು ನೋಡಿ ಜೀವವಿಜ್ಞಾನಿಗಳು ಹಾಕಿದ್ದ ವಂಶವೃಕ್ಷವನ್ನೇ ಈ ಸಂಖ್ಯೆಗಳೂ ಹೇಳುತ್ತವೆ. ಇವು ಆ ವೃಕ್ಷವನ್ನು ನೋಡಿ ಬರೆದ ಸಂಖ್ಯೆಗಳಲ್ಲ, ಪ್ರಯೋಗಾಲಯದಲ್ಲಿ ಬೇರೆಯೇ ದಾರಿಯಿಂದ ದೊರೆತವು. ಆದ್ದರಿಂದಲೇ ಈ ಸಾಕ್ಷ್ಯಕ್ಕೆ ಬೆಲೆ ಹೆಚ್ಚು.

ವ್ಯತ್ಯಾಸಗಳು ಕಾಲದೊಂದಿಗೆ ಕೂಡುತ್ತ ಹೋಗುವುದರಿಂದ ಅವುಗಳನ್ನು ಗಡಿಯಾರದಂತೆ ಬಳಸಬಹುದೆಂದು ಜುಕರ್‌ಕ್ಯಾಂಡ್ಲ್ ಮತ್ತು ಪಾಲಿಂಗ್ 1962ರಲ್ಲಿ ಸೂಚಿಸಿದರು. ಆದರೆ ಇದು ಕರಾರುವಾಕ್ಕಾದ ಗಡಿಯಾರವಲ್ಲ. ಒಂದೇ ಸ್ಥಾನ ಎರಡು ಮೂರು ಸಲ ಬದಲಾಗಿದ್ದರೂ ನಮ್ಮ ಎಣಿಕೆಗೆ ಒಂದೇ ವ್ಯತ್ಯಾಸ ಸಿಗುತ್ತದೆ. ಅಲ್ಲದೆ ಚಿಂಪಾಂಜಿಯ ಬೀಟಾ ಸರಪಳಿ ನಮ್ಮದರಂತೆಯೇ ಇದೆ ಎಂದ ಮಾತ್ರಕ್ಕೆ ಚಿಂಪಾಂಜಿ ಮನುಷ್ಯನಾಗದು. ಆದ್ದರಿಂದಲೇ ಒಂದಲ್ಲ, ಹಲವಾರು ಪ್ರೋಟೀನುಗಳನ್ನು ಹೋಲಿಸುತ್ತಾರೆ.

ಬದಲಾಗದ ಸ್ಥಾನಗಳು

ಬದಲಾದ ಸ್ಥಾನಗಳು ಕಾಲವನ್ನು ಹೇಳಿದರೆ, ಬದಲಾಗದ ಸ್ಥಾನಗಳು ಕೆಲಸವನ್ನು ಹೇಳುತ್ತವೆ. ಬೀಟಾ ಸರಪಳಿಯ 88ರಿಂದ 107ರವರೆಗಿನ 20 ಸ್ಥಾನಗಳು ಮನುಷ್ಯ, ಕುದುರೆ, ಇಲಿ, ಕೋಳಿ ನಾಲ್ಕರಲ್ಲೂ ಒಂದೇ. ಏಕೆ? ಈ ಭಾಗದಲ್ಲೇ 92ನೆಯ ಸ್ಥಾನದಲ್ಲಿ ಹಿಸ್ಟಿಡೀನ್ ಇದೆ. ಹೀಮಿನ ಕಬ್ಬಿಣವನ್ನು ಹಿಡಿದುಕೊಂಡಿರುವ ಕೈ ಅದೇ. ಇಲ್ಲಿ ಉತ್ಪರಿವರ್ತನೆಯಾದರೆ ಆಕ್ಸಿಜನ್ ಸಾಗಾಟಕ್ಕೇ ಧಕ್ಕೆ. ಅಂಥ ಬದಲಾವಣೆ ಪೀಳಿಗೆಗಳಲ್ಲಿ ಉಳಿದು ಹರಡುವುದು ಕಷ್ಟ.

ಈಗ ಬೇರುಗಂಟಿಗೆ ಹಿಂದಿರುಗೋಣ. ಲೆಗ್‌ಹೀಮೋಗ್ಲೋಬಿನ್ನಿನ ಅನುಕ್ರಮಕ್ಕೂ ನಮ್ಮ ಬೀಟಾ ಸರಪಳಿಯ ಅನುಕ್ರಮಕ್ಕೂ ಬಹುಪಾಲು ಸ್ಥಾನಗಳಲ್ಲಿ ಹೊಂದಿಕೆಯಿಲ್ಲ. ಆದರೂ ಕಬ್ಬಿಣ ಹಿಡಿಯುವ ಆ ಹಿಸ್ಟಿಡೀನ್ ಅಲ್ಲಿಯೂ ಇದೆ. ಸುರುಳಿಗಳು ಮಡಿಸಿಕೊಂಡು ಹೀಮಿಗೆ ಗೂಡು ಕಟ್ಟಿರುವ ರೀತಿಯೂ ಒಂದೇ. ಅಕ್ಷರಗಳು ಬಹುತೇಕ ಅಳಿಸಿಹೋದರೂ ಆಕಾರ ಉಳಿದಿದೆ. ಬಹಳ ದೂರದ ನಂಟನ್ನು ಗುರುತಿಸಲು ಅನುಕ್ರಮಕ್ಕಿಂತ ರಚನೆಯೇ ಹೆಚ್ಚು ನೆರವಾಗುತ್ತದೆ ಎಂಬುದಕ್ಕೆ ಇದು ಉತ್ತಮ ನಿದರ್ಶನ.

ಹಿಂದೆ ಒಂದು ಪ್ರೋಟೀನಿನ ರಚನೆ ತಿಳಿಯಲು ವರ್ಷಗಟ್ಟಲೆ ದುಡಿಯಬೇಕಿತ್ತು. ಪೆರುಟ್ಜ್ ಹೀಮೋಗ್ಲೋಬಿನ್ನಿನ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಕೆಲಸ ಮಾಡಿದರು; 1962ರಲ್ಲಿ ಕೆಂಡ್ರೂ ಜೊತೆ ನೊಬೆಲ್ ಪಡೆದರು. ಈಗ ಅನುಕ್ರಮವನ್ನು ಕೊಟ್ಟರೆ ಆಕಾರವನ್ನು ಊಹಿಸಿ ಹೇಳುವ ಆಲ್ಫಾಫೋಲ್ಡ್‌ನಂಥ ಕಂಪ್ಯೂಟರ್ ವಿಧಾನಗಳಿವೆ. 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಅಂದಾಜು ರಚನೆಗಳು ಎಲ್ಲರಿಗೂ ಮುಕ್ತವಾಗಿ ದೊರೆಯುವಂತಾದವು. ಈ ವಿಧಾನವನ್ನು ರೂಪಿಸಿದ ಹಸಾಬಿಸ್ ಮತ್ತು ಜಂಪರ್ 2024ರ ರಸಾಯನವಿಜ್ಞಾನದ ನೊಬೆಲ್‌ನಲ್ಲಿ ಪಾಲು ಪಡೆದರು.

ಒಂದೇ ಅಕ್ಷರದ ತಪ್ಪು

ಮೇಲಿನ ಪಟ್ಟಿಯಲ್ಲಿ ಮನುಷ್ಯನ ಸಾಲಿನ ಆರನೆಯ ಸ್ಥಾನವನ್ನು ಮತ್ತೆ ನೋಡಿ. ಅಲ್ಲಿರುವುದು ಗ್ಲುಟಾಮಿಕ್ ಆಮ್ಲ. ಡಿಎನ್‌ಎಯಲ್ಲಿ ಅದರ ಪದ ಜಿಎಜಿ. ನಡುವಿನ ಎ ಅಕ್ಷರ ಟಿ ಆಗಿ ಜಿಟಿಜಿ ಎಂದಾದರೆ ಅಲ್ಲಿಗೆ ವ್ಯಾಲೀನ್ ಬರುತ್ತದೆ. (ಜೀನಿನಲ್ಲಿ ಎಣಿಸಿದರೆ ಇದು ಏಳನೆಯ ಪದ. ಮೊದಲ ಪದ ಸೂಚಿಸುವ ಮೆಥಿಯೋನೀನ್ ಆಮೇಲೆ ಕಳಚಿಹೋಗುವುದರಿಂದ ಸರಪಳಿಯಲ್ಲಿ ಆರನೆಯದಾಗುತ್ತದೆ.) ಗ್ಲುಟಾಮಿಕ್ ಆಮ್ಲ ನೀರಿಗೆ ಒಗ್ಗುವಂಥದು, ವ್ಯಾಲೀನ್ ನೀರನ್ನು ದೂರವಿಡುವಂಥದು. ಆಕ್ಸಿಜನ್ ಬಿಟ್ಟುಕೊಟ್ಟ ಹೀಮೋಗ್ಲೋಬಿನ್ನಿನ ಮೈಮೇಲೆ ಈ ವ್ಯಾಲೀನ್, ಪಕ್ಕದ ಅಣುವಿನ ಸಣ್ಣ ಗುಳಿಯೊಂದರಲ್ಲಿ ಹೋಗಿ ಕೂರುತ್ತದೆ. ಅಣುಗಳು ಹೀಗೆ ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾಗುತ್ತವೆ. ದುಂಡಗಿದ್ದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಅದು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಅಸಹನೀಯ ನೋವು ತರುತ್ತದೆ. ಬೇಗನೆ ಒಡೆದು ರಕ್ತಹೀನತೆ ಉಂಟುಮಾಡುತ್ತದೆ. ಇದೇ ಕುಡುಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಅನೀಮಿಯ. ಈ ಕಾಯಿಲೆಗೆ ಕಾರಣ ಒಂದೇ ಅಮೈನೋ ಆಮ್ಲದ ಬದಲಾವಣೆ ಎಂದು ಇಂಗ್ರಾಮ್ 1957ರಲ್ಲಿ ತೋರಿಸಿದರು.

ಇಲಿಯ ಸಾಲನ್ನೂ ನೋಡಿ. ಅಲ್ಲಿ ಆರನೆಯ ಸ್ಥಾನದಲ್ಲಿ ಅಲನೀನ್ ಇದೆ. ಆದರೆ ಇಲಿಯ ರಕ್ತಕಣ ಕುಡುಗೋಲಾಗುವುದಿಲ್ಲ. ಅಂದರೆ ಬದಲಾವಣೆಯೇ ದೋಷವಲ್ಲ. ಯಾವ ಸ್ಥಾನಕ್ಕೆ, ಯಾವುದರ ಬದಲು ಯಾವುದು, ಎಂಥ ನೆರೆಹೊರೆಯಲ್ಲಿ ಬಂತು ಎಂಬುದು ಮುಖ್ಯ.

ನೀಲಗಿರಿಯ ಬುಡಕಟ್ಟು ಜನರಲ್ಲಿ ಈ ಜೀನು ಇರುವುದು 1952ರಲ್ಲಿಯೇ ಪತ್ತೆಯಾಗಿತ್ತು. ನಮ್ಮಲ್ಲಿ ಮೈಸೂರು, ಚಾಮರಾಜನಗರ ಕಡೆಯ ಕಾಡಂಚಿನ ಸಮುದಾಯಗಳಲ್ಲಿಯೂ ಇದು ಕಂಡುಬಂದಿದೆ. ತಂದೆತಾಯಿಯರಲ್ಲಿ ಒಬ್ಬರಿಂದ ಮಾತ್ರ ಈ ಜೀನು ಬಂದರೆ ವ್ಯಕ್ತಿ ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಅವರು ವಾಹಕರು. ಅವರಿಗೆ ತೀವ್ರ ಮಲೇರಿಯದಿಂದ ತುಸು ರಕ್ಷಣೆಯೂ ಸಿಗುತ್ತದೆ. ಮಲೇರಿಯ ಹೆಚ್ಚಿದ್ದ ಕಡೆಗಳಲ್ಲಿ ಈ ಜೀನು ಉಳಿದುಬಂದಿರುವುದು ಇದರಿಂದಲೇ. ವಾಹಕರಿಬ್ಬರು ಮದುವೆಯಾದರೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದು ಯಾರ ಶಾಪವೂ ಅಲ್ಲ, ಸ್ಪರ್ಶದಿಂದ ಅಂಟುವ ರೋಗವೂ ಅಲ್ಲ. ಒಂದು ಸಣ್ಣ ರಕ್ತಪರೀಕ್ಷೆಯಿಂದ ವಾಹಕರನ್ನು ಗುರುತಿಸಬಹುದು. 2047ರೊಳಗೆ ಈ ಕಾಯಿಲೆಯನ್ನು ನಿವಾರಿಸುವ ಗುರಿಯ ರಾಷ್ಟ್ರೀಯ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಆರಂಭಿಸಿತು. ಅದರ ವ್ಯಾಪ್ತಿಯಲ್ಲಿ ಕರ್ನಾಟಕವೂ ಸೇರಿದೆ.

ಚಿಕಿತ್ಸೆಯ ಸುಳಿವೂ ಹೋಲಿಕೆಯಿಂದಲೇ ದೊರೆತಿದೆ. ತಾಯಿಯ ಗರ್ಭದಲ್ಲಿದ್ದಾಗ ಮಗುವಿನ ಹೀಮೋಗ್ಲೋಬಿನ್ನಿನಲ್ಲಿ ಬೀಟಾ ಬದಲು ಅದರ ಸೋದರನಂತಿರುವ ಗಾಮಾ ಸರಪಳಿ ಇರುತ್ತದೆ. ಅದು ಎಳೆಗಟ್ಟಲು ಬಿಡುವುದಿಲ್ಲ. ಹುಟ್ಟಿದ ಮೇಲೆ ಗಾಮಾ ಜೀನು ಬಹುಮಟ್ಟಿಗೆ ಮಲಗಿಬಿಡುತ್ತದೆ. ಹೈಡ್ರಾಕ್ಸಿಯೂರಿಯ ಎಂಬ ಔಷಧಿ ಗಾಮಾ ಸರಪಳಿಯ ತಯಾರಿಕೆಯನ್ನು ಹೆಚ್ಚಿಸಿ ನೋವಿನ ಸಂದರ್ಭಗಳನ್ನು ಕಡಿಮೆ ಮಾಡುತ್ತದೆ. 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಮಾನ್ಯತೆ ಪಡೆದ ಜೀನ್ ತಿದ್ದುವ ಚಿಕಿತ್ಸೆಯೂ ಮಲಗಿದ ಗಾಮಾ ಜೀನನ್ನೇ ಎಬ್ಬಿಸುತ್ತದೆ. ಅದಕ್ಕೆ ತಗಲುವ ವೆಚ್ಚ ಮಾತ್ರ ಸಾಮಾನ್ಯರ ಕೈಗೆ ಎಟುಕುವಂಥದಲ್ಲ. ಹಾಗಾಗಿ ಸದ್ಯಕ್ಕೆ ನಮ್ಮ ಹಳ್ಳಿ ಹಾಡಿಗಳಲ್ಲಿ ಸಕಾಲದ ಪರೀಕ್ಷೆ ಮತ್ತು ಸರಿಯಾದ ತಿಳಿವಳಿಕೆಯೇ ದೊಡ್ಡ ಆಸರೆ.

ಮುಂದಿನ ಸಲ ಶೇಂಗಾ ಬೇರುಗಂಟನ್ನು ಕತ್ತರಿಸಿ ತೋರಿಸುವಾಗ, ಆ ನಾಲ್ಕು ಸಾಲುಗಳನ್ನೂ ಹಲಗೆಯ ಮೇಲೆ ಬರೆಯಿರಿ. ಐದನೆಯ ಸಾಲಿನಲ್ಲಿ ಕುಡುಗೋಲು ಕಣದ ಅನುಕ್ರಮವನ್ನು ವಿದ್ಯಾರ್ಥಿಗಳೇ ಬರೆಯಲಿ. ಕಾಡಂಚಿನ ಶಾಲೆಯಾದರೆ, ಆ ಸಾಲನ್ನು ಬರೆದ ಮಗು ಅದನ್ನು ಮನೆಗೂ ಕೊಂಡೊಯ್ದು ಹಿರಿಯರಿಗೆ ವಿವರಿಸೀತು.